ಆಯುಧಕ್ಕೆ ಪೂಜೆಯಾಯಿತು, ಹಿಡಿದ ಕೈಗೆ?



ನಮ್ಮ ಹಬ್ಬಗಳಲ್ಲಿ ಹೆಚ್ಚಿನವು ಮನೆಯ ಹಬ್ಬಗಳು. ಕೆಲವು ಗುಡಿಯವು, ಇನ್ನು ಕೆಲವು ಊರಿನವು. ದುಡಿಯುವ ಸ್ಥಳದಲ್ಲಿಯೇ, ಜೊತೆಯಲ್ಲಿ ದುಡಿಯುವವರೊಡನೆಯೇ ಆಚರಿಸಬೇಕಾದ ಹಬ್ಬವೆಂದು ಕನ್ನಡನಾಡಿನಲ್ಲಿ ರೂಢಿಗೆ ಬಂದಿರುವುದು ಒಂದೇ. ಅದು ಆಶ್ವಯುಜ ಶುದ್ಧ ನವಮಿಯ ಆಯುಧಪೂಜೆ. ಈ ಹಬ್ಬವನ್ನು ಕುರಿತು ಇಂದು ಎರಡು ಪಕ್ಷದವರು ವಾದಿಸುತ್ತಿದ್ದಾರೆ. ಕಚೇರಿಯಲ್ಲಿ ಪೂಜೆಯೇ ಕೂಡದೆನ್ನುವವರು ಒಂದು ಕಡೆ. ಕುಂಬಳಕಾಯಿಯ ಕುಂಕುಮ ಒಂದು ಚಿಟಿಕೆ ಕಡಿಮೆಯಾದರೂ ಧರ್ಮವೇ ಮುಳುಗಿತೆನ್ನುವವರು ಇನ್ನೊಂದು ಕಡೆ. ಇಬ್ಬರೂ ಪೂಜೆಯ ಹೊಗೆಯನ್ನು ಕುರಿತು ಜಗಳವಾಡುತ್ತಿದ್ದಾರೆಯೇ ಹೊರತು ಪೂಜೆಯ ವಸ್ತುವನ್ನು ಕುರಿತು ಅಲ್ಲ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಪೂಜೆಯ ವಸ್ತು ದುಡಿಮೆ. ಅದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ನಾವು ಬಹಳ ಶ್ರದ್ಧೆಯಿಂದ ಕಾಪಾಡಿಕೊಂಡು ಬಂದಿದ್ದೇವೆ.

ಮೊದಲು ಹಬ್ಬದ ಹಿನ್ನೆಲೆಯನ್ನು ಸ್ವಲ್ಪ ನೋಡೋಣ. ಮೇಷ್ಟರ ಚಾಳಿ, ಸಹಿಸಿಕೊಳ್ಳಬೇಕು.

ಮಳೆಗಾಲ ಮುಗಿದು, ಹೊಳೆಗಳು ಇಳಿದು, ದಾರಿಗಳು ಒಣಗುವ ಕಾಲವಿದು. ಹಿಂದಿನ ಅರಸರು ದಂಡಯಾತ್ರೆಗೆ ಹೊರಡುತ್ತಿದ್ದುದು ಇದಾದ ಮೇಲೆಯೇ. ನಾಲ್ಕು ತಿಂಗಳು ಉಗ್ರಾಣದಲ್ಲಿ ಬಿದ್ದು ತುಕ್ಕು ಹಿಡಿದ ಕತ್ತಿ, ಈಟಿಗಳನ್ನು ಹೊರತೆಗೆದು, ಉಜ್ಜಿ, ಸಾಣೆ ಹಿಡಿದು, ಎಣ್ಣೆ ಹಚ್ಚಿ, ಸಾಲಾಗಿ ಇಟ್ಟು, ನವಮಿಯಂದು ಪೂಜಿಸಿ, ದಶಮಿಯಂದು ಸೀಮೋಲ್ಲಂಘನ ಮಾಡುತ್ತಿದ್ದರು. ವಿಜಯನಗರದ ಮಹಾನವಮಿಯ ವೈಭವವನ್ನು 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕನೂ, 1520ರ ಸುಮಾರಿನಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನೂ ಬರೆದಿಟ್ಟಿದ್ದಾರೆ. ಹಂಪಿಯ ಮಹಾನವಮಿ ದಿಬ್ಬ ಈಗಲೂ ನಿಂತಿದೆ. ವಿಜಯನಗರ ಅಳಿದ ಮೇಲೆ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಈ ಉತ್ಸವವನ್ನು ಮುಂದುವರಿಸಿದರು. ಅಜ್ಞಾತವಾಸಕ್ಕೆ ಹೊರಟ ಪಾಂಡವರು ಶಮೀವೃಕ್ಷದಲ್ಲಿ ಬಚ್ಚಿಟ್ಟ ಆಯುಧಗಳ ಕಥೆಯೂ ಇದರೊಡನೆ ಬೆಸೆದುಕೊಂಡಿದೆ. ಬನ್ನಿಯ ಪೂಜೆ ಅದರಿಂದಲೇ.

ಇಲ್ಲಿಯವರೆಗೆ ಇದು ಅರಸರ ಹಬ್ಬ. ಆದರೆ ನಮ್ಮ ಜನ ಒಂದು ದೊಡ್ಡ ಕೆಲಸ ಮಾಡಿದರು. ಆಯುಧವೆಂಬ ಮಾತನ್ನು ಅರಸನ ಕೈಯಿಂದ ಬಿಡಿಸಿಕೊಂಡರು. ಕತ್ತಿಯ ಪಕ್ಕದಲ್ಲಿ ಕುಡುಗೋಲು ಬಂತು; ನೇಗಿಲು ನೊಗ ಬಂದವು; ಬಡಗಿಯ ಬಾಚಿ ಉಳಿಗಳು, ನೇಕಾರನ ಮಗ್ಗ ಲಾಳಿಗಳು, ಅಕ್ಕಸಾಲಿಗನ ತಕ್ಕಡಿ, ದರ್ಜಿಯ ಕತ್ತರಿ ಬಂದವು. ಇಪ್ಪತ್ತನೆಯ ಶತಮಾನದಲ್ಲಿ ಲೇತ್, ಸ್ಪ್ಯಾನರ್, ಟೈಪ್‌ರೈಟರ್, ಲಾರಿ, ಬಸ್ಸುಗಳು ಬಂದವು. ಈಗ ಕಂಪ್ಯೂಟರಿನ ಮೇಲೂ ಮೂರು ಗೆರೆ ವಿಭೂತಿ ಕಾಣುತ್ತದೆ. ಕೊಲ್ಲುವ ಸಾಧನದಿಂದ ಬದುಕುವ ಸಾಧನಕ್ಕೆ ಪೂಜೆಯನ್ನು ತಿರುಗಿಸಿದ ಈ ಬದಲಾವಣೆಯನ್ನು ಯಾವ ಮಠವೂ ಆಜ್ಞಾಪಿಸಲಿಲ್ಲ, ಯಾವ ಸರ್ಕಾರವೂ ಸುತ್ತೋಲೆ ಹೊರಡಿಸಿ ಮಾಡಿಸಲಿಲ್ಲ. ದುಡಿಯುವ ಜನ ತಾವಾಗಿಯೇ ಮಾಡಿಕೊಂಡದ್ದು. ಆದ್ದರಿಂದ ಈ ಹಬ್ಬದ ಮೇಲೆ ಮೊದಲ ಹಕ್ಕು ಅವರದು.

ಈ ಹಬ್ಬಕ್ಕೆ ಎರಡು ನಿಯಮಗಳಿದ್ದವು. ಮಂತ್ರ ಬಾರದವರೂ ಅವುಗಳನ್ನು ಬಲ್ಲವರಾಗಿದ್ದರು.

ಒಂದು: ಆಯುಧವನ್ನು ಬಳಸುವವನೇ ಅದನ್ನು ತೊಳೆಯಬೇಕು. ಪೂಜೆಯೆಂದರೆ ಕೊನೆಯ ಹತ್ತು ನಿಮಿಷದ ಮಂಗಳಾರತಿಯಲ್ಲ. ಅದಕ್ಕೆ ಮೊದಲಿನ ಇಡೀ ದಿನದ ಕೆಲಸ. ಯಂತ್ರದ ಜಿಡ್ಡು ತೆಗೆಯುವಾಗ ಸವೆದ ಹಲ್ಲು ಕಣ್ಣಿಗೆ ಬೀಳುತ್ತದೆ; ಬಸ್ಸನ್ನು ತೊಳೆಯುವಾಗ ಸಡಿಲವಾದ ನಟ್ಟು ಕೈಗೆ ಸಿಗುತ್ತದೆ. ವರ್ಷಕ್ಕೊಮ್ಮೆಯಾದರೂ ಮನುಷ್ಯ ತನ್ನ ಉಪಕರಣವನ್ನು ಮೊದಲಿನಿಂದ ಕೊನೆಯವರೆಗೆ ಮುಟ್ಟಿ ನೋಡಲಿ ಎಂಬ ವಿವೇಕ ಇದರಲ್ಲಿತ್ತು.

ಎರಡು: ಪೂಜೆಯಾದ ಆಯುಧವನ್ನು ಅಂದು ಬಳಸಕೂಡದು. ನೇಗಿಲು ಹೂಡುವಂತಿಲ್ಲ, ಲಾಳಿ ಎಸೆಯುವಂತಿಲ್ಲ. ಮಕ್ಕಳು ಪುಸ್ತಕಗಳನ್ನು ಸರಸ್ವತಿಯ ಮುಂದೆ ಇಟ್ಟರೆ ಮತ್ತೆ ತೆಗೆಯುವವರೆಗೆ ಓದುವಂತಿಲ್ಲ. ನಿಮ್ಮಲ್ಲಿ ಹಲವರು ಗಣಿತದ ಪುಸ್ತಕವನ್ನು ಎಲ್ಲಕ್ಕಿಂತ ಮೊದಲು ಪೂಜೆಗಿಟ್ಟು, ಎಲ್ಲಕ್ಕಿಂತ ಕೊನೆಗೆ ತೆಗೆಯುತ್ತಿದ್ದಿರಿ. ಆ ಭಕ್ತಿಯ ಕಾರಣ ನನಗೆ ಚೆನ್ನಾಗಿ ಗೊತ್ತಿತ್ತು. ಆಯುಧಕ್ಕೆ ವಿಶ್ರಾಂತಿ ಕೊಟ್ಟರೆ ಹಿಡಿದ ಕೈಗೂ ವಿಶ್ರಾಂತಿ ಸಿಗುತ್ತದೆ. ದಣಿದ ಮನುಷ್ಯನಿಗೆ ರಜೆ ಕೊಡಲು ಒಪ್ಪದ ಯಜಮಾನ ಕೂಡ ದೇವರ ಹೆಸರಿನಲ್ಲಿ ಕಬ್ಬಿಣಕ್ಕೆ ರಜೆ ಕೊಡಲೇಬೇಕಾಗುತ್ತಿತ್ತು.

ಇದಕ್ಕೆ ಮೂರನೆಯದೊಂದು ಸೊಗಸು ಬೆಂಗಳೂರಿನ ದೊಡ್ಡ ಕಾರ್ಖಾನೆಗಳಿಂದ ಸೇರಿತು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಸ್ಥಾಪನೆಯಾದವು. ಆ ಬಗೆಯ ಕಾರ್ಖಾನೆಗಳಲ್ಲಿ ಆಯುಧಪೂಜೆಯ ಸಮಯಕ್ಕೆ ಕಾರ್ಮಿಕರ ಮನೆಯವರನ್ನು ಒಳಗೆ ಬಿಡುವ ಪದ್ಧತಿ ಬೆಳೆಯಿತು. ವರ್ಷವಿಡೀ ಗುರುತಿನ ಚೀಟಿಯಿಲ್ಲದೆ ನೊಣವೂ ದಾಟಲಾಗದ ಗೇಟನ್ನು ಅಂದು ಹೆಂಡತಿ ಮಕ್ಕಳು, ಊರಿನಿಂದ ಬಂದ ಮುದುಕ ತಂದೆ ದಾಟುತ್ತಿದ್ದರು. ಮಾವಿನ ಸೊಪ್ಪು, ಬಾಳೆಕಂದು, ಚೆಂಡುಹೂಗಳಿಂದ ಸಿಂಗರಿಸಿದ ಯಂತ್ರದ ಮುಂದೆ ನಿಂತು “ಇದೇ ನನ್ನ ಮಷೀನು” ಎಂದು ಅಪ್ಪ ತೋರಿಸುತ್ತಿದ್ದ. ಅಪ್ಪನ ಬೆರಳಿನ ಗಾಯದ ಗುರುತು ಎಲ್ಲಿಂದ ಬಂದದ್ದೆಂದು ಮಗುವಿಗೆ ಅಂದು ತಿಳಿಯುತ್ತಿತ್ತು. ಫೋರ್‌ಮನ್ನಿನ ಹೆಂಡತಿ, ಹೆಲ್ಪರಿನ ಹೆಂಡತಿ ಒಂದೇ ಸಾಲಿನಲ್ಲಿ ನಿಂತು ಪುರಿ, ಕಡಲೆ, ಬತ್ತಾಸು ಪಡೆಯುತ್ತಿದ್ದರು. ಮನೆ ಮತ್ತು ದುಡಿಮೆ ಪರಸ್ಪರ ಮುಖ ನೋಡಿಕೊಳ್ಳುವ ದಿನ ವರ್ಷದಲ್ಲಿ ಇನ್ನೊಂದಿರಲಿಲ್ಲ. ಎಚ್‌ಎಂಟಿಯ ಗಡಿಯಾರದ ಕಾರ್ಖಾನೆಗಳು 2016ರಲ್ಲಿ ಮುಚ್ಚಿದವು; ಅಲ್ಲಿ ದುಡಿದವರ ಮನೆಗಳಲ್ಲಿ ಆ ದಿನದ ನೆನಪು ಇನ್ನೂ ಉಳಿದಿದೆ.

ಈಗಿನ ಸ್ಥಿತಿಯನ್ನು ನೋಡಿ. ನವಮಿಯಂದು ಸರ್ಕಾರಿ ರಜೆ; ಆದ್ದರಿಂದ ಕಚೇರಿಯ ಪೂಜೆ ಹಿಂದಿನ ದಿನವೇ ಮುಗಿಯುತ್ತದೆ. ಕಂಪ್ಯೂಟರಿನ ಧೂಳನ್ನು ಒರೆಸುವವರು ಗುತ್ತಿಗೆಯ ಹೌಸ್‌ಕೀಪಿಂಗಿನವರು. ಬಾಳೆಕಂದು ಕಟ್ಟುವವರು ಅವರೇ. ಆಮೇಲೆ ಅಧಿಕಾರಿಗಳು ಬಂದು ತೆಂಗಿನಕಾಯಿ ಒಡೆಯುತ್ತಾರೆ. ರೇಷ್ಮೆ ಸೀರೆ, ಜರಿಪಂಚೆಗಳ ಸ್ಪರ್ಧೆ ನಡೆಯುತ್ತದೆ. ಅದಕ್ಕೆ ‘ಎಥ್ನಿಕ್ ಡೇ’ ಎಂದು ಹೆಸರು. ನಮ್ಮದೇ ಉಡುಪನ್ನು ನಮ್ಮದೇ ಊರಿನಲ್ಲಿ ಉಡುವುದಕ್ಕೆ ಪರಕೀಯರು ಇಟ್ಟಂಥ ಈ ಹೆಸರು ಏತಕ್ಕೋ ಕಾಣೆ! ಫೋಟೋ ತೆಗೆಯುವಾಗ ಸಮವಸ್ತ್ರದ ಸೆಕ್ಯುರಿಟಿಯವನು ಚೌಕಟ್ಟಿನ ಆಚೆ ನಿಂತಿರುತ್ತಾನೆ. ಖಾಯಂ ನೌಕರರಿಗೆ ಸಿಹಿಯ ಡಬ್ಬ ಸಿಗುತ್ತದೆ. ಗುತ್ತಿಗೆಯವರು ಪಟ್ಟಿಯಲ್ಲಿಲ್ಲವಾದ್ದರಿಂದ ಅವರಿಗೆ ಮಿಕ್ಕಿದ್ದು. ಎಲ್ಲರೂ ಹೋದ ಮೇಲೆ ನೆಲಕ್ಕೆ ಅಂಟಿದ ಕುಂಕುಮವನ್ನು ತಿಕ್ಕಿ ತೆಗೆಯುವುದು ಅವರ ಪಾಲಿಗೇ ಬೀಳುತ್ತದೆ.

ಇದು ಹೊಸ ರೋಗವೇನೂ ಅಲ್ಲ. ನಾನು ದುಡಿದ ಶಾಲೆಯೊಂದರಲ್ಲಿ ಪ್ರಯೋಗಶಾಲೆಯ ತಕ್ಕಡಿ, ಭೂಗೋಳದ ಗೋಳ, ಹಾರ್ಮೋನಿಯಂ, ಕಂಚಿನ ಗಂಟೆ ಎಲ್ಲಕ್ಕೂ ಹೂವೇರಿಸಿ ಪೂಜೆ ಮಾಡುತ್ತಿದ್ದರು. ಮೂವತ್ತು ವರ್ಷ ಆ ಗಂಟೆ ಹೊಡೆದ ಜವಾನನಿಗೆ ಮಾತ್ರ ಮಂಗಳಾರತಿ ಬರುತ್ತಿದ್ದುದು ಉಪಾಧ್ಯಾಯರು, ಆಡಳಿತ ಮಂಡಳಿಯವರು, ಅವರ ಅತಿಥಿಗಳು ಎಲ್ಲರೂ ಆದ ಮೇಲೆ. ಗಂಟೆಗೆ ಮೊದಲ ಸಾಲಿನಲ್ಲಿ ಸ್ಥಾನ, ಗಂಟೆ ಹೊಡೆದವನಿಗೆ ಬಾಗಿಲ ಹೊರಗೆ. ಆಯುಧಪೂಜೆಯ ಹೆಸರಿನಲ್ಲಿ ಇದಕ್ಕಿಂತ ತಲೆಕೆಳಗಾದ ಪೂಜೆ ಇನ್ನೇನಿದ್ದೀತು?

ಈಗ ಮೊದಲ ಪಕ್ಷದವರಿಗೆ ಉತ್ತರ. ಕಚೇರಿ ಎಲ್ಲ ಮತದವರದು, ಅಲ್ಲಿ ಒಂದು ಮತದ ಪೂಜೆ ಸಲ್ಲದು ಎಂಬ ಅವರ ಮಾತಿನಲ್ಲಿ ತೂಕವಿದೆ. ಆರತಿಗೆ ಕೈಯೊಡ್ಡದ ಸಹೋದ್ಯೋಗಿಯನ್ನು ಓರೆಗಣ್ಣಿನಿಂದ ನೋಡುವ ಕಚೇರಿಗಳಿವೆ; ಅದು ಖಂಡನೀಯ. ಒತ್ತಾಯದ ಭಕ್ತಿ ಭಕ್ತಿಯಲ್ಲ. ಆದರೆ ಮುಸಲ್ಮಾನ ಮೆಕ್ಯಾನಿಕ್ಕುಗಳ ಗ್ಯಾರೇಜುಗಳಲ್ಲಿ ಅಂದು ಪಾನಾ, ಜಾಕಿಗಳನ್ನು ತೊಳೆದು ಹೂವಿಡುವುದನ್ನು ನಮ್ಮ ಊರುಗಳಲ್ಲಿ ಕಾಣದವರಾರು? ಅವರು ಮತ ಬಿಟ್ಟು ಅದನ್ನು ಮಾಡುತ್ತಿಲ್ಲ. ಅನ್ನ ಕೊಟ್ಟ ಉಪಕರಣಕ್ಕೆ ಮರ್ಯಾದೆ ಸಲ್ಲಿಸುತ್ತಿದ್ದಾರೆ. ಈ ಮರ್ಯಾದೆಗೆ ಮಂತ್ರ ಕಡ್ಡಾಯವಲ್ಲ. ಬೇಕಾದವರು ಆರತಿ ಎತ್ತಲಿ, ಬೇಡವಾದವರು ಕೈಕಟ್ಟಿ ನಿಲ್ಲಲಿ. ಒಟ್ಟಿಗೆ ಕೂತು ಉಣ್ಣುವುದಕ್ಕೆ ಯಾರಿಗೂ ಅಡ್ಡಿಯಿರಬಾರದು. ಹಬ್ಬವನ್ನೇ ಕಚೇರಿಯಿಂದ ಅಟ್ಟಿದರೆ ಆ ಜಾಗಕ್ಕೆ ಸಮಾನತೆ ಬಂದು ಕೂರುವುದಿಲ್ಲ, ಇನ್ನೊಂದು ದಿನದ ದುಡಿತ ಬಂದು ಕೂರುತ್ತದೆ.

ಎರಡನೆಯ ಪಕ್ಷದವರ ಗದ್ದಲ ಇನ್ನೂ ಜೋರು. 2023ರ ಅಕ್ಟೋಬರಿನಲ್ಲಿ ವಿಧಾನಸೌಧದ ಕಚೇರಿ, ಮೊಗಸಾಲೆಗಳಲ್ಲಿ ಪೂಜೆಗೆ ರಾಸಾಯನಿಕ ಬಣ್ಣಗಳನ್ನು ಬಳಸಬಾರದೆಂದು ಸರ್ಕಾರ ಸುತ್ತೋಲೆ ಹೊರಡಿಸಿತು. ನೆಲದ ಮೇಲೆ ಬಿದ್ದ ಬಣ್ಣ ಬಹುಕಾಲ ಹೋಗುವುದಿಲ್ಲವೆಂಬುದು ಕಾರಣ. ಪೂಜೆ ಬೇಡವೆಂದು ಅದು ಹೇಳಿರಲಿಲ್ಲ. ಆದರೂ ಸಂಪ್ರದಾಯಕ್ಕೆ ಧಕ್ಕೆಯಾಯಿತೆಂಬ ಕೂಗು ಎದ್ದಿತು. ರಾಸಾಯನಿಕ ಬಣ್ಣ ಯಾವ ಆಗಮದಲ್ಲಿದೆಯೆಂದು ಕೂಗಿದವರು ಹೇಳಲಿಲ್ಲ.

ಬೂದುಗುಂಬಳಕಾಯಿಯ ವಿಚಾರವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನವಮಿಯಂದು ಪ್ರಾಣಿಬಲಿ ಕೊಡುವ ಪದ್ಧತಿ ಬಹು ಹಳೆಯದು. ಅದರ ಬದಲಿಗೆ ಬಂದದ್ದು ಕೂಷ್ಮಾಂಡ ಬಲಿ, ಅಂದರೆ ಕುಂಬಳಕಾಯಿ. ಒಳಗೆ ತುಂಬುವ ಕುಂಕುಮ ರಕ್ತದ ಸಂಕೇತ. ಎಂದರೆ, ಈ ಕಾಯಿಯೇ ಒಂದು ಸುಧಾರಣೆ! ಜೀವಕ್ಕೆ ನೋವಾಗಬಾರದೆಂದು ನಮ್ಮ ಹಿರಿಯರು ಕುರಿಯನ್ನು ಬಿಟ್ಟು ಕಾಯಿಯನ್ನು ಹಿಡಿದರು. ಆ ದಯೆಯಿಂದ ಹುಟ್ಟಿದ ಕಾಯಿಯನ್ನು ನಡುರಸ್ತೆಯಲ್ಲಿ ಒಡೆದು, ಅದರ ಲೋಳೆಯ ಮೇಲೆ ಜಾರಿ ದ್ವಿಚಕ್ರ ಸವಾರ ಬಿದ್ದು ಕೈಕಾಲು ಮುರಿದುಕೊಂಡರೆ, ಬಲಿ ಕೊಟ್ಟದ್ದು ಯಾರನ್ನು? ದೃಷ್ಟಿ ತೆಗೆದದ್ದು ನಮ್ಮ ವಾಹನಕ್ಕೆ, ತಗುಲಿದ್ದು ಹಿಂದೆ ಬಂದವನಿಗೆ. ರಸ್ತೆಯಲ್ಲಿ ಒಡೆಯಬೇಡಿರೆಂದು ಪೊಲೀಸರು ಹಬ್ಬಕ್ಕೆ ಮುನ್ನ ಬೇಡಿಕೊಳ್ಳುವಂತಾಗಿದೆ. ಕುರಿಯನ್ನು ಕಾಯಿಗೆ ಬದಲಿಸಿದ ಸಂಪ್ರದಾಯಕ್ಕೆ, ರಸ್ತೆಯನ್ನು ಅಂಗಳದ ಮೂಲೆಗೆ ಬದಲಿಸುವ ಶಕ್ತಿ ಇಲ್ಲವೆಂದರೆ ನಾನು ನಂಬಲಾರೆ. ಹೆಚ್ಚಿಗೆ ತಂದ ಕಾಯಿಗಳಿಂದ ಮಜ್ಜಿಗೆಹುಳಿಯನ್ನೋ ಕಾಶಿ ಹಲ್ವವನ್ನೋ ಮಾಡಿ ಎಲ್ಲರಿಗೂ ಬಡಿಸಿದರೆ ದೇವಿ ಮುನಿಯುವಳೆಂದೂ ನನಗೆ ತೋರುವುದಿಲ್ಲ.

ಒಡೆದ ಕಾಯಿ, ಬಾಡಿದ ಬಾಳೆಕಂದು, ಹೂವಿನ ರಾಶಿ ಇವುಗಳನ್ನು ಮರುದಿನ ನಸುಕಿನಲ್ಲಿ ಎತ್ತುವವರು ಪೌರಕಾರ್ಮಿಕರು. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಅಂದು ವಿಜಯದಶಮಿ, ಅವರ ಮನೆಯಲ್ಲೂ ಹಬ್ಬ. ಬೆಂಗಳೂರಿನ ಹನ್ನೆರಡು ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಖಾಯಂ ನೇಮಕಾತಿ ಆದೇಶ ದೊರೆತದ್ದು 2025ರ ಮೇ 1ರಂದು, ಎಷ್ಟೋ ವರ್ಷಗಳ ಹೋರಾಟದ ಮೇಲೆ. ಪೊರಕೆ ಆಯುಧವಲ್ಲವೇ? ಹನ್ನೆರಡನೆಯ ಶತಮಾನದ ಶರಣರಲ್ಲಿ ಸತ್ಯಕ್ಕ ಅಂಗಳ ಗುಡಿಸುವುದನ್ನೇ ಕಾಯಕ ಮಾಡಿಕೊಂಡವಳು. ಎಂಟುನೂರು ವರ್ಷಗಳ ಹಿಂದೆಯೇ ಪೊರಕೆಗೆ ಸಂದ ಗೌರವವನ್ನು ನಮ್ಮ ಹವಾನಿಯಂತ್ರಿತ ಕಚೇರಿಗಳು ಇನ್ನೂ ಕೊಡಲಾರದೆ ಕುಳಿತಿವೆ. ಪೂಜೆಯ ಮೇಜಿನ ಮೇಲೆ ಲ್ಯಾಪ್‌ಟಾಪಿನ ಪಕ್ಕದಲ್ಲಿ ಪೊರಕೆಯನ್ನೂ ಇಟ್ಟ ಕಚೇರಿ ಎಲ್ಲಿಯಾದರೂ ಇದ್ದರೆ ನನಗೆ ತಿಳಿಸಿ. ನಾನು ಖುದ್ದಾಗಿ ಬಂದು ನಮಸ್ಕರಿಸುತ್ತೇನೆ.

“ಅದೆಲ್ಲ ಸರಿ ಮೇಷ್ಟ್ರೇ, ಹಣ?” ಎನ್ನುವಿರಿ. ಹಣದ ಮಾತನ್ನೂ ಆಡೋಣ. ಸರ್ಕಾರಿ ಬಸ್ಸೊಂದರ ಆಯುಧಪೂಜೆಗೆ ಕೆಎಸ್‌ಆರ್‌ಟಿಸಿ ಕೊಡುತ್ತಿದ್ದುದು 100 ರೂಪಾಯಿ. 2024ರಲ್ಲಿ ಅದು 250 ರೂಪಾಯಿಗೆ ಏರಿತು. ಹಬ್ಬದ ವಾರದಲ್ಲಿ ಸೇವಂತಿಗೆ, ಕುಂಬಳಕಾಯಿಯ ಬೆಲೆ ಬಲ್ಲವರಿಗೆ ಈ ಹಣಕ್ಕೆ ಏನು ಬರುತ್ತದೆಂದು ಹೇಳಬೇಕಾಗಿಲ್ಲ. ಆದರೂ ಚಾಲಕರು, ನಿರ್ವಾಹಕರು, ಡಿಪೋದ ಮೆಕ್ಯಾನಿಕ್ಕುಗಳು ತಮ್ಮ ಕೈಯಿಂದ ಹಣ ಸೇರಿಸಿ, ತಾವೇ ಬಸ್ಸು ತೊಳೆದು, ತಾವೇ ಬಾಳೆಕಂದು ಕಟ್ಟಿ ಓಡಿಸುತ್ತಾರೆ. ಅಂಥ ಬಸ್ಸು ಎದುರಿಗೆ ಬಂದರೆ ನನಗೆ ಮೈಸೂರಿನ ಆನೆಯನ್ನು ಕಂಡಷ್ಟೇ ಸಂತೋಷವಾಗುತ್ತದೆ. ಹಣವಿದ್ದಲ್ಲಿ ಹಬ್ಬ ಬಡವಾಗಿದೆ. ಹಣವಿಲ್ಲದಲ್ಲಿ ಇನ್ನೂ ಉಸಿರಾಡುತ್ತಿದೆ. ಆದುದರಿಂದ ಕೊರತೆ ಹಣದ್ದಲ್ಲ.

ಹಣದ ಮಾತನ್ನು ನಿಜವಾಗಿ ಆಡಬೇಕಾದ ಜಾಗ ಬೇರೆ. 1965ರ ಬೋನಸ್ ಕಾಯ್ದೆ, ನಿಗದಿಯಾದ ವೇತನಮಿತಿಯೊಳಗೆ ವರ್ಷದಲ್ಲಿ 30 ದಿನ ದುಡಿದವನಿಗೂ ಶೇಕಡಾ 8.33ಕ್ಕೆ ಕಡಿಮೆಯಿಲ್ಲದ ಬೋನಸ್ಸನ್ನು ಹಕ್ಕೆಂದು ಸಾರಿತು. 2019ರ ವೇತನ ಸಂಹಿತೆಯೂ ಅದೇ ಪ್ರಮಾಣವನ್ನು ಉಳಿಸಿಕೊಂಡಿದೆ. ಹಬ್ಬದ ರಜೆಯಂದು ದುಡಿಸಿಕೊಂಡರೆ ಇಮ್ಮಡಿ ವೇತನ, ಇಲ್ಲವೇ ವೇತನದೊಡನೆ ಬದಲಿ ರಜೆ ಎಂದು ಕರ್ನಾಟಕದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಹೇಳುತ್ತದೆ. ಗುತ್ತಿಗೆದಾರನ ಮೂಲಕ ಬಂದವನೂ ದುಡಿಯುವವನೇ. ಅವನಿಗೆ ಸಲ್ಲಬೇಕಾದುದು ಸಂದಿದೆಯೇ ಎಂದು ವಿಚಾರಿಸದೆ ಅವನು ಒರೆಸಿದ ಯಂತ್ರಕ್ಕೆ ಆರತಿ ಎತ್ತುವುದು ಎಂಥ ಪೂಜೆ?

ಇನ್ನು ಬಂಧುಗಳಿಗೆ, ಅದರಲ್ಲೂ ಗಂಡಸರಿಗೆ, ಒಂದು ಮಾತು. ಆಯುಧಕ್ಕೆ ಅಂದು ವಿಶ್ರಾಂತಿ ಎಂದೆನಲ್ಲ, ಮನೆಯ ಒಳಗೆ ಆ ನಿಯಮ ಎಂದಾದರೂ ನಡೆಯಿತೇ? ಕಾರು, ಸ್ಕೂಟರು, ಹೊಲಿಗೆ ಯಂತ್ರಕ್ಕೆ ಹೂವಿಟ್ಟೆವು. ಈಳಿಗೆಮಣೆಗೂ ಒರಳಿಗೂ ಅರಿಸಿನ ಕುಂಕುಮ ಹಚ್ಚಿದೆವು. ಆದರೆ ಅದೇ ಈಳಿಗೆಮಣೆಯ ಮೇಲೆ ಅಂದು ಇಮ್ಮಡಿ ತರಕಾರಿ ಹೆಚ್ಚಿಸಿದೆವು. ಹೋಳಿಗೆ, ಕೋಸಂಬರಿ, ಆಂಬೊಡೆ, ಪಾಯಸ ಎಂದು ಪಟ್ಟಿ ಬೆಳೆಯಿತು. ಎಲ್ಲ ಆಯುಧಗಳೂ ಮಲಗಿರುವ ದಿನ ಅಡುಗೆಮನೆಯ ಆಯುಧಗಳು ಮಾತ್ರ ಬೆಳಗಿನ ನಾಲ್ಕು ಗಂಟೆಗೆ ಏಳುತ್ತವೆ. ಸಂಪ್ರದಾಯ ಸಂಪ್ರದಾಯವೆಂದು ಎದೆ ತಟ್ಟಿಕೊಳ್ಳುವವರು ಈ ಒಂದು ನಿಯಮವನ್ನು ಪಾಲಿಸಿ ತೋರಿಸಲಿ. ಅಡುಗೆಯನ್ನು ಹಿಂದಿನ ದಿನವೇ ಗಂಡಸರೂ ಕೂಡಿ ಮಾಡಿಡಲಿ. ನವಮಿಯಂದು ಒಲೆಯೂ ಮಲಗಲಿ, ಒಲೆಯ ಮುಂದಿನವಳೂ ಕುಳಿತು ಉಣ್ಣಲಿ.

ಟೀಕಿಸಿ ಸುಮ್ಮನಾಗುವುದು ಸುಲಭ. ನಿಮ್ಮಲ್ಲಿ ಹಲವರು ಈಗ ಕಾರ್ಖಾನೆ, ಬ್ಯಾಂಕು, ಆಸ್ಪತ್ರೆ, ಸಾಫ್ಟ್‌ವೇರ್ ಕಂಪನಿಗಳಲ್ಲಿ ನಾಲ್ಕು ಜನಕ್ಕೆ ಹೇಳುವ ಸ್ಥಾನದಲ್ಲಿದ್ದೀರಿ. ನಿಮ್ಮಿಂದ ಆಗಬಹುದಾದ್ದನ್ನೇ ಕೇಳುತ್ತಿದ್ದೇನೆ. ನಿಮ್ಮ ಮೇಜು, ನಿಮ್ಮ ಯಂತ್ರವನ್ನು ಅಂದು ನೀವೇ ಒರೆಸಿ. ತೆಂಗಿನಕಾಯಿ ಒಡೆಯುವ ಗೌರವವನ್ನು ನಿಮ್ಮಲ್ಲಿ ಅತ್ಯಂತ ಕಡಿಮೆ ಸಂಬಳದವರಿಗೆ, ಇಲ್ಲವೇ ಅತಿ ಹೆಚ್ಚು ವರ್ಷ ದುಡಿದವರಿಗೆ ಕೊಡಿ. ಸಿಹಿಯ ಪಟ್ಟಿ ಮಾಡುವಾಗ ಖಾಯಂ, ಗುತ್ತಿಗೆ ಎಂಬ ಎರಡು ಕಾಲಂ ಹಾಕಬೇಡಿ. ಮನೆಯವರಿಗೆ ಗೇಟು ತೆರೆಯಿರಿ. ನಿಮ್ಮ ಮನೆಯವರಿಗೆ ಮಾತ್ರವಲ್ಲ, ಕಾವಲಿನವನ, ಕಸ ಗುಡಿಸುವವಳ ಮಕ್ಕಳಿಗೂ. ತಾಯಿ ದುಡಿಯುವ ಗಾಜಿನ ಕಟ್ಟಡವನ್ನು ಆ ಮಗು ಒಮ್ಮೆ ಒಳಗಿನಿಂದ ನೋಡಲಿ. ಕಾಯಿಯನ್ನು ಒಂದು ಮೂಲೆಯಲ್ಲಿ ಒಡೆದು, ಒಡೆದವರೇ ಎತ್ತಿಡಿ.

ಉತ್ತರ ಕರ್ನಾಟಕದ ಕಡೆ ವಿಜಯದಶಮಿಯಂದು ಬನ್ನಿಯ ಎಲೆ ಹಂಚಿ, ಬಂಗಾರದ ಹಾಗೆ ಇರೋಣ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಕಿರಿಯರು ಕೊಟ್ಟು ಹಿರಿಯರ ಕಾಲಿಗೆರಗುತ್ತಾರೆ; ವರ್ಷವಿಡೀ ಮಾತು ಬಿಟ್ಟವರೂ ಅಂದು ಬನ್ನಿ ಕೊಟ್ಟು ಮಾತಾಡುವುದುಂಟು. ಬನ್ನಿ ಕೊಡುವುದಕ್ಕೆ ಹುದ್ದೆ ಬೇಕಿಲ್ಲ, ಪಡೆಯುವುದಕ್ಕೆ ಗುರುತಿನ ಚೀಟಿ ಬೇಕಿಲ್ಲ. ದಶಮಿಯ ಈ ಗುಣ ನವಮಿಯ ಕಚೇರಿಗೂ ಬರಲಿ ಎಂಬುದಷ್ಟೇ ನನ್ನ ವಾದ.

ಮುಂದಿನ ಆಯುಧಪೂಜೆಗೆ ಇನ್ನೂ ಸಮಯವಿದೆ. ನಿಮ್ಮ ಕಚೇರಿಯಲ್ಲಿ ತೆಂಗಿನಕಾಯಿ ಒಡೆದವರಾರು, ಆಮೇಲೆ ನೆಲ ಒರೆಸಿದವರಾರು, ಇಬ್ಬರೂ ಒಟ್ಟಿಗೆ ಕುಳಿತು ಉಂಡರೇ ಎಂಬುದನ್ನು ಹಬ್ಬ ಮುಗಿದ ಮೇಲೆ ನನಗೆ ಬರೆದು ತಿಳಿಸಿ. ಉತ್ತರಪತ್ರಿಕೆಗಳನ್ನು ತಿದ್ದುವ ಅಭ್ಯಾಸ ನನಗಿನ್ನೂ ಹೋಗಿಲ್ಲ.